ಕಾರು ಸ್ಟಾರ್ಟ್ ಆಗಲು ಸತಾಯಿಸಿದಾಗ

ಕೀಲಿ ತಿರುಗಿಸಿದ ಒಂದೆರಡು ಸೆಕೆಂಡಿನಲ್ಲಿ ಕಾರಿನ ಎಂಜಿನ್ ಚಾಲೂ ಆಗಬೇಕು. ಐದಾರು ಸೆಕೆಂಡು ಸೆಲ್ಫ್ ಹೊಡೆದ ಮೇಲೆ, ಇಲ್ಲವೇ ಎರಡು ಮೂರು ಸಲ ಪ್ರಯತ್ನಿಸಿದ ಮೇಲಷ್ಟೇ ಅದು ಹಿಡಿದುಕೊಳ್ಳುತ್ತಿದ್ದರೆ ಎಲ್ಲೋ ಒಂದು ಭಾಗ ಕೈಕೊಡುವ ಹಂತಕ್ಕೆ ಬಂದಿದೆ ಎಂದೇ ಅರ್ಥ. ಕಾರಣಗಳು ಹತ್ತಾರು. ಆದರೆ ಒಂದು ಮಲ್ಟಿಮೀಟರ್, 10 ನಂಬರಿನ ಸ್ಪ್ಯಾನರ್, ಪ್ಲಗ್ ಸ್ಪ್ಯಾನರ್, ಟಾರ್ಚ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಇದ್ದರೆ ಅವುಗಳಲ್ಲಿ ಬಹುಪಾಲನ್ನು ಮನೆಯಂಗಳದಲ್ಲೇ ಪರೀಕ್ಷಿಸಿ ನೋಡಬಹುದು. ಕೆಲವನ್ನು ಅಲ್ಲೇ ಸರಿಪಡಿಸಲೂ ಬಹುದು.

ಪೆಟ್ರೋಲ್ ಎಂಜಿನ್ ಚಾಲೂ ಆಗಲು ನಾಲ್ಕು ಕೆಲಸಗಳು ಒಟ್ಟಿಗೆ ನಡೆಯಬೇಕು. ಸೆಲ್ಫ್ ಮೋಟಾರ್ ಎಂಜಿನ್ನನ್ನು ನಿಮಿಷಕ್ಕೆ ಸುಮಾರು 200 ಸುತ್ತಿನಷ್ಟು ವೇಗದಲ್ಲಿ ತಿರುಗಿಸಬೇಕು, ಹದವಾದ ಪ್ರಮಾಣದಲ್ಲಿ ಇಂಧನ ಸಿಂಪಡಣೆಯಾಗಬೇಕು, ಸಿಲಿಂಡರಿನೊಳಗಿನ ಗಾಳಿ ಸಾಕಷ್ಟು ಒತ್ತಿಕೊಳ್ಳಬೇಕು, ಸರಿಯಾದ ಕ್ಷಣಕ್ಕೆ ಪ್ಲಗ್ ಕಿಡಿ ಹಾರಿಸಬೇಕು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಒತ್ತಡಕ್ಕೆ ಕಾದ ಗಾಳಿಯೇ ಡೀಸೆಲ್ಲನ್ನು ಹೊತ್ತಿಸುತ್ತದೆ.

ಪರೀಕ್ಷೆ ಶುರುವಾಗಬೇಕಾದದ್ದು ಕಿವಿಯಿಂದ, ಸ್ಪ್ಯಾನರಿನಿಂದಲ್ಲ. ಕೀಲಿ ತಿರುಗಿಸಿದಾಗ ಎಂಜಿನ್ ತಿರುಗುತ್ತಿದೆಯೇ, ಇಲ್ಲವೇ ಎಂಬುದು ಮೊದಲ ಪ್ರಶ್ನೆ. ಟಕ್ ಎಂದು ಸುಮ್ಮನಾದರೆ, ಟಕಟಕ ಸದ್ದಷ್ಟೇ ಬಂದರೆ, ಅಥವಾ ಎಳೆದೆಳೆದು ತಿರುಗಿದರೆ ದೋಷ ಬ್ಯಾಟರಿ, ವೈರು, ಸೆಲ್ಫ್ ಮೋಟಾರಿನ ಕಡೆಗಿದೆ. ಚುರುಕಾಗಿ ತಿರುಗಿಯೂ ಹಿಡಿದುಕೊಳ್ಳದಿದ್ದರೆ ಇಂಧನ ಅಥವಾ ಕಿಡಿಯ ಕಡೆಗಿದೆ. ತೊಂದರೆ ಯಾವ ಹೊತ್ತಿನಲ್ಲಿ ಕಾಣಿಸುತ್ತದೆ ಎಂಬುದು ಎರಡನೆಯ ಪ್ರಶ್ನೆ: ಬೆಳಗಿನ ತಂಪಿನಲ್ಲೋ, ದೂರ ಓಡಿಸಿ ಹತ್ತು ನಿಮಿಷ ನಿಲ್ಲಿಸಿದ ಮೇಲೋ, ಮಳೆ ಬಂದ ಮರುದಿನವೋ, ತಿಂಗಳುಗಟ್ಟಲೆ ನಿಂತ ನಂತರವೋ? ಈ ಎರಡಕ್ಕೆ ಉತ್ತರ ಹುಡುಕದೆ ಬಿಡಿಭಾಗ ಬದಲಿಸಲು ಹೊರಡುವುದು ದುಡ್ಡು ಹಾಳುಮಾಡುವ ದಾರಿ. ‘ಬ್ಯಾಟರಿ ಹಾಕಿಸಿಬಿಡಿ, ಸರಿಹೋಗುತ್ತೆ’ ಎನ್ನುವ ಸಲಹೆ ಎಲ್ಲರ ಬಳಿಯೂ ಪುಕ್ಕಟೆ ಸಿಗುತ್ತದೆ, ಬ್ಯಾಟರಿ ಪುಕ್ಕಟೆ ಸಿಗುವುದಿಲ್ಲ.

ಹಾಗೆಂದು ಬ್ಯಾಟರಿಯ ಮೇಲಿನ ಅನುಮಾನ ಸುಳ್ಳೇನಲ್ಲ, ಹೆಚ್ಚಿನ ದೂರುಗಳು ಅಲ್ಲಿಂದಲೇ ಬರುತ್ತವೆ. ಕಾರಿನ 12 ವೋಲ್ಟ್ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ, ಒಂದೊಂದೂ 2.1 ವೋಲ್ಟ್ ಕೊಡುತ್ತದೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಗೆ ಬೆಳಿಗ್ಗೆ ಮೀಟರ್ ಹಿಡಿದಾಗ 12.6 ವೋಲ್ಟ್ ತೋರಿಸಿದರೆ ಅದು ಪೂರ್ತಿ ಚಾರ್ಜ್ ಆಗಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿಳಿದಿದ್ದರೆ ಚಾರ್ಜ್ ಮಾಡದೆ ಮುಂದಿನ ಪರೀಕ್ಷೆಗೆ ಹೋಗುವುದರಲ್ಲಿ ಅರ್ಥವಿಲ್ಲ. ಆದರೆ ನಿಂತಾಗಿನ ವೋಲ್ಟೇಜ್ ಅರ್ಧ ಕಥೆ ಮಾತ್ರ. ಹಳೆಯ ಬ್ಯಾಟರಿ 12.6 ತೋರಿಸಿಯೂ ಸೆಲ್ಫ್ ಹೊಡೆದ ಕೂಡಲೇ ಕುಸಿಯಬಹುದು. ಆದ್ದರಿಂದ ಒಬ್ಬರು ಕೀಲಿ ತಿರುಗಿಸುವಾಗ ಇನ್ನೊಬ್ಬರು ಮೀಟರ್ ನೋಡಬೇಕು. ಚಾರ್ಜ್ ಇರುವ ಬ್ಯಾಟರಿ ಆಗಲೂ 9.6 ವೋಲ್ಟಿಗಿಂತ ಕೆಳಗೆ ಬೀಳಬಾರದು, ಬಿದ್ದರೆ ಅದರ ಕಾಲ ಮುಗಿಯುತ್ತಾ ಬಂದಿದೆ. ಎಂಜಿನ್ ಚಾಲೂ ಆದ ಮೇಲೆ ಅದೇ ಜಾಗದಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಕಾಣಬೇಕು. ಕಾಣದಿದ್ದರೆ ತಪ್ಪು ಬ್ಯಾಟರಿಯದಲ್ಲ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನದೋ ಅದರ ಬೆಲ್ಟಿನದೋ ಇರಬೇಕು. ಆಗ ಹೊಸ ಬ್ಯಾಟರಿ ಹಾಕಿದರೂ ಅದು ಬೇಗನೆ ಬರಿದಾಗುತ್ತದೆ.

ಬ್ಯಾಟರಿಯನ್ನು ಹಾಳುಮಾಡುವುದು ಚಳಿ ಎಂಬ ನಂಬಿಕೆಯಿದೆ. ನಿಜವಾಗಿ ಅದರ ಆಯುಷ್ಯ ಕಡಿಮೆ ಮಾಡುವುದು ಬೇಸಿಗೆಯ ಬಿಸಿ. ಏಪ್ರಿಲ್–ಮೇ ತಿಂಗಳ ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಆದ ಹಾನಿಯನ್ನು ಡಿಸೆಂಬರಿನ ಬೆಳಗು ಬಯಲಿಗೆಳೆಯುತ್ತದೆ, ಅಷ್ಟೆ.

ಬ್ಯಾಟರಿಗಿಂತ ಮೊದಲು ನೋಡಬೇಕಾದದ್ದು ಅದರ ಟರ್ಮಿನಲ್. ಸೆಲ್ಫ್ ಮೋಟಾರ್ ಹೊಡೆಯುವಾಗ ನೂರರಿಂದ ಇನ್ನೂರು ಆಂಪಿಯರ್ ಎಳೆಯುತ್ತದೆ. ಅಷ್ಟು ಪ್ರವಾಹ ಹರಿಯುವ ಕಡೆ ಬಿಳಿ ಇಲ್ಲವೇ ಹಸಿರು ಪುಡಿಯ ಒಂದು ಪದರ ಕೂತಿದ್ದರೂ, ಕ್ಲಾಂಪ್ ಕೈಯಲ್ಲಿ ಅಲುಗುವಷ್ಟು ಸಡಿಲವಿದ್ದರೂ ಎಂಜಿನ್ ತಿರುಗುವುದಿಲ್ಲ. ದೀಪ, ಹಾರ್ನ್ ಮಾತ್ರ ಎಂದಿನಂತೆ ಕೆಲಸ ಮಾಡುತ್ತಿರುತ್ತವೆ, ಏಕೆಂದರೆ ಅವಕ್ಕೆ ಬೇಕಾದದ್ದು ಕೆಲವೇ ಆಂಪಿಯರ್. ಮೊದಲು ಮೈನಸ್ ಕೇಬಲ್, ಆಮೇಲೆ ಪ್ಲಸ್ ಬಿಚ್ಚಬೇಕು. ಜೋಡಿಸುವಾಗ ಇದಕ್ಕೆ ತಿರುಗುಮುರುಗು. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಬ್ರಷ್ಷಿನಿಂದ ಉಜ್ಜಿ, ಒರೆಸಿ ಒಣಗಿಸಿ, ಬಿಗಿಯಾಗಿ ಕೂರಿಸಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿದರೆ ಸಾಕು. ಸೋಡಾ ನೀರು ಬ್ಯಾಟರಿಯ ಮುಚ್ಚಳಗಳ ಒಳಗೆ ಇಳಿಯಬಾರದು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊಮ್ಮುವುದರಿಂದ ಹತ್ತಿರದಲ್ಲಿ ಬೀಡಿ, ಬೆಂಕಿಕಡ್ಡಿ ಕೂಡದು.

ಅರ್ಥ್ ಕೇಬಲ್ಲಿನ ದೋಷ ಕಣ್ಣಿಗೆ ಬೀಳದೆ ಕಾಡುವಂಥದ್ದು. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಇಟ್ಟು ಸೆಲ್ಫ್ ಹೊಡೆಯಬೇಕು. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ಕೇಬಲ್ ತುಕ್ಕು ಹಿಡಿದಿದೆ ಅಥವಾ ಬೋಲ್ಟ್ ಸಡಿಲವಾಗಿದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಕಾರುಗಳಲ್ಲಿ ಈ ಪರೀಕ್ಷೆಯನ್ನು ಬಿಡಲೇಬಾರದು.

ಎರಡು ಮೂರು ದಿನ ನಿಂತರೆ ಸಾಕು ಬ್ಯಾಟರಿ ಬರಿದಾಗುತ್ತದೆ ಎಂದಾದರೆ ಯಾವುದೋ ಉಪಕರಣ ಕದ್ದು ವಿದ್ಯುತ್ ಕುಡಿಯುತ್ತಿದೆ. ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಮೀಟರನ್ನು ಆಂಪಿಯರ್ ಸ್ಥಾನದಲ್ಲಿ ಜೋಡಿಸಿ, ಕಾರಿನ ಕಂಪ್ಯೂಟರುಗಳು ನಿದ್ರೆಗೆ ಜಾರುವವರೆಗೆ ಅರ್ಧ ಗಂಟೆ ಕಾಯಬೇಕು. 50 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯುತ್ತಿದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ ಕಳ್ಳನನ್ನು ಹಿಡಿಯಬಹುದು. ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರುಗಳನ್ನೇ ಮೊದಲು ಅನುಮಾನಿಸಬೇಕು. ಮೀಟರ್ ಹೀಗೆ ಜೋಡಿಸಿರುವಾಗ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತದೆ.

ಬ್ಯಾಟರಿ, ವೈರು ಎರಡೂ ಸರಿಯಿದ್ದು, ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆದಾಗ ಬೆಳಕು ಮಂಕಾಗದೆ ಕಾರು ಸುಮ್ಮನಿದ್ದರೆ ಮೋಟಾರಿನವರೆಗೆ ಪ್ರವಾಹವೇ ಹೋಗುತ್ತಿಲ್ಲ. ಆಟೊಮ್ಯಾಟಿಕ್ ಕಾರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿಲ್ಲದಿರಬಹುದು. ಹಲವು ಹೊಸ ಮಾದರಿಗಳು ಕ್ಲಚ್ ಪೂರ್ತಿ ಒತ್ತದೆ ಸ್ಟಾರ್ಟ್ ಆಗುವುದಿಲ್ಲ, ಆ ಪೆಡಲ್ಲಿನ ಕೆಳಗಿನ ಸ್ವಿಚ್ಚೂ ಕೆಡುತ್ತದೆ. ಇವೆಲ್ಲ ಸರಿಯಿದ್ದರೆ ರಿಲೇ, ಸೊಲೆನಾಯ್ಡ್, ಕೊನೆಗೆ ಮೋಟಾರಿನ ಕಾರ್ಬನ್ ಬ್ರಷ್ ನೋಡಬೇಕು. ಮೋಟಾರ್ ಬಿಚ್ಚುವ ಕೆಲಸ ಗ್ಯಾರೇಜಿಗೆ ಬಿಟ್ಟಿದ್ದು.

ಎಂಜಿನ್ ಚುರುಕಾಗಿ ತಿರುಗಿಯೂ ಹಿಡಿಯದಿರುವಾಗ ಮತ್ತೆ ಕಿವಿಗೇ ಕೆಲಸ. ಪೆಟ್ರೋಲ್ ಕಾರಿನ ಕೀಲಿಯನ್ನು ‘ಆನ್’ ಸ್ಥಾನಕ್ಕೆ ತಂದಾಗ ಹಿಂದಿನ ಸೀಟಿನ ಕಡೆಯಿಂದ ಸುಮಾರು ಎರಡು ಸೆಕೆಂಡು ಗುಂಯ್ ಎನ್ನುವ ಸದ್ದು ಬರಬೇಕು. ಅದು ಟ್ಯಾಂಕಿನೊಳಗಿನ ಪಂಪ್ ಇಂಧನದ ಒತ್ತಡ ಏರಿಸುವ ಸದ್ದು. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಪಂಪ್ ಈ ಕ್ರಮದಲ್ಲಿ ನೋಡಬೇಕು. ಸದ್ದಿದ್ದೂ ಬೆಳಿಗ್ಗೆ ಮಾತ್ರ ಹೆಚ್ಚು ಹೊತ್ತು ಸೆಲ್ಫ್ ಹೊಡೆಯಬೇಕಾದರೆ ಒಂದು ಸರಳ ಪರೀಕ್ಷೆಯಿದೆ. ಕೀಲಿಯನ್ನು ಆನ್ ಮಾಡಿ, ಸದ್ದು ನಿಂತ ಮೇಲೆ ಆಫ್ ಮಾಡಿ, ಹೀಗೆ ಮೂರು ನಾಲ್ಕು ಸಲ ಮಾಡಿದ ನಂತರ ಸ್ಟಾರ್ಟ್ ಮಾಡಬೇಕು. ಥಟ್ಟನೆ ಹಿಡಿದುಕೊಂಡರೆ ರಾತ್ರಿಯಿಡೀ ಪೈಪಿನ ಒತ್ತಡ ಸೋರಿಹೋಗುತ್ತಿದೆ ಎಂದು ತಿಳಿಯಬೇಕು. ಪಂಪಿನೊಳಗಿನ ವಾಲ್ವ್ ಸವೆದಿರಬಹುದು, ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು. ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟು ನಿಖರವಾದ ಸುಳಿವು ಕೊಡುವ ಪರೀಕ್ಷೆ ಬೇರೊಂದಿಲ್ಲ.

ಇಂಜೆಕ್ಟರ್ ಸೋರಿ ಸಿಲಿಂಡರಿನಲ್ಲಿ ಪೆಟ್ರೋಲ್ ಹೆಚ್ಚಾದರೆ ಪ್ಲಗ್ ಒದ್ದೆಯಾಗಿ ಕಿಡಿ ಹಾರುವುದಿಲ್ಲ, ಬಾನೆಟ್ ಹತ್ತಿರ ಪೆಟ್ರೋಲ್ ವಾಸನೆ ಬರುತ್ತದೆ. ಆಗ ಆಕ್ಸಿಲರೇಟರನ್ನು ನೆಲಕ್ಕೊತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಬಹುತೇಕ ಇಂಜೆಕ್ಷನ್ ಕಾರುಗಳ ಕಂಪ್ಯೂಟರ್ ಇದನ್ನು ಗುರುತಿಸಿ ಇಂಧನ ನಿಲ್ಲಿಸುತ್ತದೆ, ಬರಿ ಗಾಳಿ ಹೊಕ್ಕು ಸಿಲಿಂಡರ್ ಒಣಗುತ್ತದೆ. ಅದಕ್ಕೆ ಪ್ರತಿಯಾಗಿ, ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿದಾಗ ಸ್ಟಾರ್ಟ್ ಆಗಿ ಕಾಲು ತೆಗೆದರೆ ನಿಂತುಹೋಗುವ ಕಾರಿನ ಥ್ರಾಟಲ್ ಬಾಡಿಗೆ ಮಸಿ ಕಟ್ಟಿರುವ ಸಂಭವ ಹೆಚ್ಚು. ಅದಕ್ಕೆಂದೇ ಸಿಗುವ ಸ್ಪ್ರೇ ಮತ್ತು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ವಾಸಿ.

ಪ್ಲಗ್ಗುಗಳನ್ನು ಎಂಜಿನ್ ತಣ್ಣಗಿರುವಾಗಲೇ ಬಿಚ್ಚಬೇಕು, ಬಿಸಿ ಅಲ್ಯೂಮಿನಿಯಂ ಹೆಡ್ಡಿನ ಮರೆ ಕಿತ್ತುಬರುವ ಅಪಾಯವಿದೆ. ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಆರೋಗ್ಯ ಚೆನ್ನಾಗಿದೆ. ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆ ಅಂಟಿದ್ದರೆ ಎಂಜಿನ್ ಆಯಿಲ್ ಒಳಗೆ ಇಳಿಯುತ್ತಿದೆ. ಸಾಮಾನ್ಯ ಪ್ಲಗ್ 30–40 ಸಾವಿರ ಕಿಲೋಮೀಟರ್ ಬಾಳುತ್ತದೆ, ಇರಿಡಿಯಂ ಪ್ಲಗ್ ಒಂದು ಲಕ್ಷದ ಹತ್ತಿರ.

ಬಿಸಿಯಾದಾಗ ಮಾತ್ರ ಸತಾಯಿಸುವ ಕಾರಿನ ಕಥೆಯೇ ಬೇರೆ. ಅಂಬಾಸಿಡರ್, ಪದ್ಮಿನಿಯಂಥ ಕಾರ್ಬ್ಯುರೇಟರ್ ಕಾರುಗಳ ಕಾಲದಲ್ಲಿ ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪ್ ಕೆಲಸ ಮಾಡುತ್ತಿರಲಿಲ್ಲ. ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಕಾಯುತ್ತಿದ್ದರು. ಇಂದಿನ ಕಾರಿನಲ್ಲಿ ಅದೇ ಲಕ್ಷಣಕ್ಕೆ ಹೆಚ್ಚಾಗಿ ಕಾರಣ ಕ್ರ್ಯಾಂಕ್ ಸೆನ್ಸರ್. ಎಂಜಿನ್ ಎಷ್ಟು ವೇಗದಲ್ಲಿ, ಯಾವ ಸ್ಥಾನದಲ್ಲಿ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಇದು ಬಿಸಿಗೆ ಕೈಕೊಟ್ಟು, ಅರ್ಧ ಗಂಟೆ ತಣಿದ ಮೇಲೆ ಮತ್ತೆ ಸರಿಹೋಗುತ್ತದೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲುಗದಿದ್ದರೆ ಅದರ ಮೇಲೆ ಸಂಶಯ ಪಡಬಹುದು. ಕೂಲಂಟ್ ಸೆನ್ಸರ್ ಇನ್ನೊಂದು ಕಿಲಾಡಿ. ತಣ್ಣಗಿನ ಎಂಜಿನ್ನನ್ನು ಬಿಸಿ ಎಂದು ಅದು ವರದಿ ಮಾಡಿದರೆ ಕಂಪ್ಯೂಟರ್ ಇಂಧನ ಕಡಿಮೆ ಮಾಡುತ್ತದೆ, ಬೆಳಗಿನ ಸ್ಟಾರ್ಟ್ ಕಷ್ಟವಾಗುತ್ತದೆ.

ಇಂಥ ಸೆನ್ಸರ್ ದೋಷಗಳನ್ನು ಊಹಿಸುತ್ತ ಕೂರಬೇಕಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿನ 16 ಪಿನ್ನಿನ ಒಬಿಡಿ ಸಾಕೆಟ್ಟಿಗೆ ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲೇ ದೋಷದ ಸಂಖ್ಯೆ ಓದಬಹುದು. ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟ್, ಪಿ0117 ಅಥವಾ ಪಿ0118 ಬಂದರೆ ಕೂಲಂಟ್ ಸೆನ್ಸರಿನದು. ಸಂಖ್ಯೆ ಹೇಳುವುದು ಸರ್ಕ್ಯೂಟಿನ ದೋಷವನ್ನು, ಭಾಗ ಸತ್ತಿದೆ ಎಂದಲ್ಲ. ಸೆನ್ಸರ್ ಕೊಳ್ಳುವ ಮೊದಲು ಅದರ ವೈರು ಹಿಡಿದು ನೋಡುವುದು ಜಾಣತನ, ಏಕೆಂದರೆ ನಮ್ಮೂರುಗಳಲ್ಲಿ ಬಾನೆಟ್ಟಿನೊಳಗೆ ಸೇರಿ ವೈರು ಕಡಿಯುವ ಇಲಿಗಳಿಗೆ ಬರವಿಲ್ಲ. ಹಿಕ್ಕೆ, ಒಣಹುಲ್ಲು, ಬಟ್ಟೆ ಚೂರು ಕಂಡರೆ ಅಲ್ಲಿಂದಲೇ ಹುಡುಕಲು ಶುರುಮಾಡಬೇಕು. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿಹ್ನೆ ಮಿನುಗುತ್ತಿದ್ದರೆ ಎಂಜಿನ್ನಿನಲ್ಲಿ ದೋಷವೇ ಇಲ್ಲದಿರಬಹುದು. ಇಮೊಬಿಲೈಸರ್ ಕೀಲಿಯನ್ನು ಗುರುತಿಸಿಲ್ಲ, ಇನ್ನೊಂದು ಕೀಲಿಯಿಂದ ಪ್ರಯತ್ನಿಸಬೇಕು.

ಡೀಸೆಲ್ ಕಾರಿನಲ್ಲಿ ಚಳಿಯ ಬೆಳಗಿನ ತೊಂದರೆಗೆ ಮೊದಲ ಆರೋಪಿ, ಸಿಲಿಂಡರನ್ನು ಮುಂಚೆಯೇ ಕಾಯಿಸುವ ಗ್ಲೋ ಪ್ಲಗ್. ಸುರುಳಿಯಾಕಾರದ ಹಳದಿ ದೀಪ ಆರುವವರೆಗೆ ಕಾದು ಆಮೇಲೆ ಸೆಲ್ಫ್ ಹೊಡೆಯಬೇಕು. ಮಡಿಕೇರಿ, ಚಿಕ್ಕಮಗಳೂರಿನ ಕಡೆಯವರಿಗೆ ಇದು ರೂಢಿ, ಬಯಲುಸೀಮೆಯವರು ಮರೆಯುತ್ತಾರೆ. ವೈರು ಬಿಚ್ಚಿ ಪ್ಲಗ್ಗಿನ ತುದಿಗೂ ಎಂಜಿನ್ನಿಗೂ ನಡುವೆ ಓಮ್ ಅಳೆದಾಗ ಒಂದರ ಆಸುಪಾಸು ಬಂದರೆ ಸರಿ, ಮೀಟರ್ ಏನನ್ನೂ ತೋರಿಸದಿದ್ದರೆ ಒಳಗೆ ಸುಟ್ಟಿದೆ. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ನಿಂತಿದ್ದರೆ ತಿರುಪು ಸಡಿಲಿಸಿ ಹೊರಬಿಡಬೇಕು. ಆದರೆ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪುಗಳನ್ನು ಮಾತ್ರ ಮುಟ್ಟಬಾರದು. ಕಾಮನ್ ರೈಲ್ ಎಂಜಿನ್ನಿನಲ್ಲಿ ಅಲ್ಲಿನ ಒತ್ತಡ 1,000 ಬಾರ್ ಮೀರುತ್ತದೆ, ಚಿಮ್ಮಿದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ.

ಯಾವ ಕಾರಾದರೂ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು, ಇಲ್ಲದಿದ್ದರೆ ಮೋಟಾರ್ ಸುಡುತ್ತದೆ. ಪಕ್ಕದ ಕಾರಿನಿಂದ ವಿದ್ಯುತ್ ಪಡೆಯುವಾಗ ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಆಮೇಲೆ ಒಳ್ಳೆಯದರ ಪ್ಲಸ್ಸಿಗೆ. ಕಪ್ಪು ಕೇಬಲ್ ಒಳ್ಳೆಯದರ ಮೈನಸ್ಸಿಗೆ, ಅದರ ಕೊನೆಯ ತುದಿ ಸತ್ತ ಕಾರಿನ ಬ್ಯಾಟರಿಗಲ್ಲ, ಅದರಿಂದ ದೂರದ ಎಂಜಿನ್ ಲೋಹಕ್ಕೆ. ಇಷ್ಟೆಲ್ಲ ನೋಡಿದ ಮೇಲೂ ದೋಷ ಸಿಗದಿದ್ದರೆ ಟೈಮಿಂಗ್ ಚೈನ್ ಅಥವಾ ಕಂಪ್ರೆಷನ್ ಪರೀಕ್ಷೆಗೆ ಗ್ಯಾರೇಜಿಗೆ ಒಯ್ಯಲೇಬೇಕು. ಮಳೆನೀರಿನಲ್ಲಿ ಎಂಜಿನ್ ಮಟ್ಟಕ್ಕೆ ಮುಳುಗಿದ ಕಾರಿಗೆ ಇದಾವುದೂ ಅನ್ವಯಿಸುವುದಿಲ್ಲ. ಸಿಲಿಂಡರಿಗೆ ನುಗ್ಗಿದ ನೀರು ಗಾಳಿಯಂತೆ ಒತ್ತಿಕೊಳ್ಳುವುದಿಲ್ಲವಾದ್ದರಿಂದ ಒಂದೇ ಸಲ ಸೆಲ್ಫ್ ಹೊಡೆದರೂ ಕನೆಕ್ಟಿಂಗ್ ರಾಡ್ ಬಾಗಬಹುದು. ಅಂಥ ಕಾರಿನ ಬ್ಯಾಟರಿ ಬಿಚ್ಚಿ, ಕೀಲಿ ಮುಟ್ಟದೆ, ಟೋ ಗಾಡಿ ಕರೆಸಿ.