ಓಲೆಯ ಕಟ್ಟು ಬಿಚ್ಚುವ ಮುನ್ನ

ನಮ್ಮ ತುಮಕೂರು ಸೀಮೆಯು ಓಲೆಗರಿಯ ಸೀಮೆ. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಮಹಾಪುರಾಣ’ವನ್ನೂ ರಚಿಸಿದನು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಲಿಂಗೈಕ್ಯರಾದ ತೋಂಟದ ಸಿದ್ಧಲಿಂಗ ಯತಿಗಳು 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ಲೋಕಕ್ಕೆ ಕರುಣಿಸಿದರು. ಇವೆಲ್ಲ ಅಚ್ಚಿನ ಮುಖವನ್ನು ಕಾಣುವುದಕ್ಕೆ ಮೊದಲು ಶತಮಾನಗಳ ಕಾಲ ಓಲೆಯಿಂದ ಓಲೆಗೆ, ಕೈಯಿಂದ ಕೈಗೆ ಸಾಗಿಬಂದವು. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಇಂತಹ ಕಟ್ಟುಗಳನ್ನು ಸಂಗ್ರಹಿಸದೆ ಇದ್ದಿದ್ದರೆ 1923ರಲ್ಲಿ ‘ವಚನಶಾಸ್ತ್ರಸಾರ’ವು ನಮ್ಮ ಕೈಸೇರುತ್ತಿರಲಿಲ್ಲ.

ಇಂದಿಗೂ ನಮ್ಮ ಹಳೆಯ ಮನೆತನಗಳಲ್ಲಿ ದೇವರ ಜಗಲಿಯ ಮೇಲೆಯೋ ಅಟ್ಟದ ಪೆಟ್ಟಿಗೆಯಲ್ಲಿಯೋ ಒಂದೆರಡು ಕಟ್ಟುಗಳು ಇಲ್ಲದಿಲ್ಲ. ಅವುಗಳಿಗೆ ವರ್ಷಕ್ಕೊಮ್ಮೆ ವಿಭೂತಿ, ಹೂವು ಸಲ್ಲುತ್ತವೆ. ಓದು ಮಾತ್ರ ಸಲ್ಲುವುದಿಲ್ಲ. ಈಗ ಮನೆಯ ತರುಣರು ಕ್ಯಾಮೆರಾ ಹಿಡಿದು ಇವುಗಳ ಛಾಯಾಚಿತ್ರ ತೆಗೆಯಲು ಮುಂದಾಗಿರುವುದು ಸಂತೋಷದ ಸಂಗತಿ. ಆದರೆ ಈ ಕಾರ್ಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಅದನ್ನು ನಾನು ನಷ್ಟದ ಮೂಲಕ ಕಲಿತೆನು.

ಹಲವು ವರ್ಷಗಳ ಹಿಂದೆ ಗುಬ್ಬಿಯ ಸಮೀಪದ ಒಂದು ಮನೆಯಲ್ಲಿ ಒಂದು ಕಟ್ಟನ್ನು ಬಿಚ್ಚಿ, ಪರಿಚಿತ ತರುಣನೊಬ್ಬನಿಂದ ಗರಿಗರಿಯ ಚಿತ್ರ ತೆಗೆಸಿದೆನು. ಕ್ಯಾಮೆರಾದ ಬೆನ್ನಿನಲ್ಲಿರುವ ಮೂರು ಅಂಗುಲದ ಪರದೆಯಲ್ಲಿ ಎಲ್ಲವೂ ಸ್ಫುಟವಾಗಿಯೇ ಕಂಡಿತು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗ ಒಂದು ಗರಿಯ ಎಡದಂಚು ಮಸುಕಾಗಿತ್ತು. ಮತ್ತೆ ಹೋಗುವಷ್ಟರಲ್ಲಿ ಮಳೆಗಾಲ ಕಳೆದಿತ್ತು; ಆ ಅಂಚು ಮುರಿದು ಪುಡಿಯಾಗಿತ್ತು. ನಾವು ಅಂದು ಬಿಚ್ಚಿ ಕಟ್ಟಿದ್ದೇ ಅದಕ್ಕೆ ಕಾರಣವಾಗಿರಬಹುದೆಂಬ ಶಂಕೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಹೀಗಾಗಲು ಕಾರಣವಿದೆ. ಓಲೆಯ ಅಕ್ಷರವು ಮಸಿಯಲ್ಲಿ ಬರೆದುದಲ್ಲ. ಉಕ್ಕಿನ ಮೊನೆಯ ಕಂಟದಿಂದ ಕೊರೆದುದು. ಕೊರೆದ ಮೇಲೆ ಕಾಡಿಗೆಯನ್ನು ತೀಡಿ ಗೀರುಗಳಿಗೆ ಕಪ್ಪು ತುಂಬುತ್ತಿದ್ದರು. ಕಾಲಕ್ರಮದಲ್ಲಿ ಕಪ್ಪು ಅಳಿದು ಬರಿಯ ಗೀರು ಉಳಿಯುತ್ತದೆ. ಇಂತಹ ಗೀರನ್ನು ಹಿಡಿಯಲು ಅತಿ ಸಮೀಪದಿಂದ ಚಿತ್ರ ತೆಗೆಯಬೇಕು. ಇದನ್ನೇ ಮ್ಯಾಕ್ರೋ ಛಾಯಾಗ್ರಹಣವೆನ್ನುತ್ತಾರೆ. ವಸ್ತುವಿನ ಗಾತ್ರವೂ ಕ್ಯಾಮೆರಾದ ಒಳಗೆ ಬೀಳುವ ಬಿಂಬದ ಗಾತ್ರವೂ ಸಮನಾಗುವಷ್ಟು ಹತ್ತಿರ ಹೋದಾಗ, ಮಸೂರದ ರಂಧ್ರವನ್ನು ಎಂಟರ ಅಂಕಕ್ಕೆ ಕಿರಿದುಗೊಳಿಸಿದರೂ ಸ್ಫುಟವಾಗಿ ಕಾಣುವ ಆಳವು ಸುಮಾರು ಒಂದು ಮಿಲಿಮೀಟರ್ ಮಾತ್ರ. ಹಳೆಯ ಗರಿಯ ಅಂಚು ಅದಕ್ಕಿಂತ ಹೆಚ್ಚಾಗಿಯೇ ಸುರುಳಿಗೊಂಡಿರುತ್ತದೆ. ಅಂಗೈಯಷ್ಟೂ ಇಲ್ಲದ ಪರದೆಯಲ್ಲಿ ಈ ದೋಷವು ಕಣ್ಣಿಗೆ ಬೀಳುವುದಿಲ್ಲ.

ಇತ್ತೀಚೆಗೆ ಕುಣಿಗಲ್ ಕಡೆಯ ಒಂದು ಮನೆಯಲ್ಲಿ ಬೇರೆ ಕ್ರಮವನ್ನು ಅನುಸರಿಸಿದೆವು. ಕ್ಯಾಮೆರಾವನ್ನು ಕಂಬಕ್ಕೆ ಬಿಗಿದು, ಕೆಳಮುಖವಾಗಿ ನಿಲ್ಲಿಸಿ, ಒಂದು ತಂತಿಯ ಮೂಲಕ ಇಪ್ಪತ್ತನಾಲ್ಕು ಅಂಗುಲದ ಮಾನಿಟರಿಗೆ ಜೋಡಿಸಿದರು. ಗಣಕಯಂತ್ರವೂ ಬೇಕಾಗಲಿಲ್ಲ. ಮೇಜಿನ ಮೇಲಿನ ಅಕ್ಷರವು ಅದೇ ಕ್ಷಣದಲ್ಲಿ ಹಿಗ್ಗಿ ಪರದೆಯ ಮೇಲೆ ಮೂಡಿತು. ಕನ್ನಡಕವನ್ನು ಒರೆಸುತ್ತ ಗರಿಯ ಮೇಲೆ ಬಾಗಬೇಕಾದ ಕಷ್ಟ ನನಗೆ ತಪ್ಪಿತು. ಗರಿಗೆ ನನ್ನ ಉಸಿರು ತಾಗುವುದೂ ತಪ್ಪಿತು.

ಆದರೆ ನಿಜವಾದ ಲಾಭವು ಬೆಳಕಿನ ವಿಷಯದಲ್ಲಿ. ಕಪ್ಪು ಅಳಿದ ಗೀರು ನೇರ ಬೆಳಕಿನಲ್ಲಿ ಕಾಣದು. ಪಕ್ಕದಿಂದ, ಗರಿಗೆ ತಾಗುವಂತೆ ಓರೆಯಾಗಿ ಬೆಳಕು ಬಿದ್ದರೆ ಗೀರಿನಲ್ಲಿ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ಮನೆಯ ಮೊಮ್ಮಗನು ದೀಪವನ್ನು ಮೆಲ್ಲಮೆಲ್ಲನೆ ಸರಿಸುತ್ತ ಹೋದನು. ನಾನು ಪರದೆಯನ್ನು ನೋಡುತ್ತ “ಅಲ್ಲೇ ನಿಲ್ಲಿಸಪ್ಪ” ಎಂದೆನು. ‘ಪ’ಕಾರವೆಂದು ಓದಿದ್ದುದು ಹೊಟ್ಟೆಯೊಳಗೆ ಗೆರೆಯುಳ್ಳ ‘ಷ’ಕಾರವಾಗಿತ್ತು. ಸೊನ್ನೆಯೆಂದು ಭಾವಿಸಿದ್ದುದು ಹುಳು ಕೊರೆದ ತೂತಾಗಿತ್ತು. ಹುಡುಗನಿಗೆ ಯಂತ್ರ ಗೊತ್ತು, ಲಿಪಿ ಗೊತ್ತಿಲ್ಲ. ನನಗೆ ಲಿಪಿ ಗೊತ್ತು, ಯಂತ್ರ ಗೊತ್ತಿಲ್ಲ. ಆ ಪರದೆಯ ಮುಂದೆ ಇಬ್ಬರೂ ಒಂದೇ ಅಕ್ಷರವನ್ನು ಒಂದೇ ಹೊತ್ತಿನಲ್ಲಿ ಕಂಡೆವು. ಸಂಜೆಯ ಹೊತ್ತಿಗೆ ಅವನೇ ‘ದ’ಕಾರ ‘ಧ’ಕಾರಗಳನ್ನು ಬೇರ್ಪಡಿಸಿ ಹೇಳತೊಡಗಿದ್ದನು.

ಮಾಡಲಿಚ್ಛಿಸುವವರಿಗೆ ಕೆಲವು ಸೂಚನೆಗಳು. ಮೊದಲು ಇಡೀ ಗರಿಯ ಚಿತ್ರವಿರಲಿ. ಅನಂತರ ಸಂದೇಹದ ಭಾಗಗಳನ್ನು ಸಮೀಪದಿಂದ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ. ಮಾನಿಟರನ್ನು ಬೇರೆ ಮೇಜಿನ ಮೇಲಿಟ್ಟು, ಅದರ ಬೆಳಕು ಓಲೆಯ ಮೇಲೆ ಬೀಳದಂತೆ ತಿರುಗಿಸಿರಿ. ತಂತಿಯನ್ನು ಕಂಬಕ್ಕೆ ಕಟ್ಟಿರಿ. ಕಾಲಿಗೆ ಸಿಕ್ಕಿದರೆ ಕ್ಯಾಮೆರಾ ಓಲೆಯ ಮೇಲೆಯೇ ಬಿದ್ದೀತು. ಗುಂಡಿಯನ್ನು ಕೈಯಿಂದ ಒತ್ತದೆ ಎರಡು ಕ್ಷಣದ ಟೈಮರನ್ನು ಬಳಸಿದರೆ ಕಂಪನವಿರದು. ಪರದೆಯ ಹೊಳಪನ್ನು ಪೂರ್ತಿ ನಂಬಬೇಡಿರಿ. ಅದು ಹೆಚ್ಚಾಗಿದ್ದರೆ ಮಂಕಾದ ಚಿತ್ರವೂ ಬೆಳಗಿದಂತೆ ಕಾಣುತ್ತದೆ. ಬೆಳಕಿನ ಪ್ರಮಾಣವನ್ನು ಕ್ಯಾಮೆರಾವೇ ತೋರಿಸುವ ನಕ್ಷೆಯಿಂದ ಅರಿಯಿರಿ. ಸುರುಳಿಗೊಂಡ ಗರಿಯನ್ನು ಒತ್ತಿ ಚಪ್ಪಟೆ ಮಾಡಲು ಹೋಗಬೇಡಿರಿ; ಅಂಟಿಕೊಂಡ ಗರಿಗಳನ್ನು ಬಿಡಿಸಬೇಡಿರಿ. ಆ ಕೆಲಸವನ್ನು 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂತಹ ಸಂಸ್ಥೆಗಳ ಬಲ್ಲವರನ್ನು ಕೇಳಿಯೇ ಮಾಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮತ್ತೊಂದಿದೆ. ಮಾನಿಟರನ್ನು ಬಾಡಿಗೆಗೂ ತರಬಹುದು. ಅದರ ಮುಂದೆ ಕುಳಿತು ಓದಬಲ್ಲ ಹಿರಿಯರನ್ನು ತರಲಾಗದು. ಅವರ ಸಂಖ್ಯೆ ವರ್ಷವರ್ಷಕ್ಕೂ ಕಡಿಮೆಯಾಗುತ್ತಿದೆ. ಆದುದರಿಂದ ನಿಮ್ಮ ಮನೆಯ ಕಟ್ಟನ್ನು ಬಿಚ್ಚುವ ಮುನ್ನ ಅಂತಹವರೊಬ್ಬರನ್ನು ಕರೆದು ಪರದೆಯ ಮುಂದೆ ಕೂರಿಸಿರಿ. ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸಿರಿ. ಗುಬ್ಬಿಯ ಆ ಗರಿಯ ಅಂಚಿನಲ್ಲಿದ್ದ ಮೂರು ಅಕ್ಷರಗಳು ನನ್ನ ಪ್ರತಿಯಲ್ಲಿ ಇಂದಿಗೂ ಮೂರು ಚುಕ್ಕೆಗಳಾಗಿಯೇ ಉಳಿದಿವೆ. ನಿಮ್ಮ ಪ್ರತಿಯಲ್ಲಿ ಹಾಗಾಗದಿರಲಿ.