ಕರ್ಪೂರದ ಡಬ್ಬಿಯೂ ಐದು ಸಾವಿರ ಮೀಟರಿನ ಗಾಳಿಯೂ

ಲಡಾಖಿಗೆ ಹೊರಟವರ ಬ್ಯಾಗಿನಲ್ಲಿ ಉಣ್ಣೆಯ ಕಾಲುಚೀಲ ಇರುತ್ತೋ ಇಲ್ಲವೋ, ಕರ್ಪೂರದ ಡಬ್ಬಿ ಮಾತ್ರ ಇದ್ದೇ ಇರುತ್ತದೆ. ದೇವರಿಗಲ್ಲ, ಮೂಗಿಗೆ. "ಮೇಲೆ ಆಕ್ಸಿಜನ್ ಇರಲ್ಲ, ಕರ್ಪೂರ ಮೂಸ್ತಾ ಇದ್ರೆ ಲೆವೆಲ್ ಏರುತ್ತೆ" ಅಂತ ಟ್ರಾವೆಲ್ ವಿಡಿಯೋದವರು ಹೇಳುತ್ತಾರೆ, ಹೋಗಿ ಬಂದ ಭಾವಮೈದುನ ಹೇಳುತ್ತಾನೆ, ಕೊನೆಗೆ ಡಬ್ಬಿ ಮಾರುವ ಗ್ರಂಥಿಗೆ ಅಂಗಡಿಯವನೂ ಹೇಳುತ್ತಾನೆ. ಕೇಳಿ ಕೇಳಿ ನನಗಂತೂ ತಲೆ ಚಿಟ್ಟು ಹಿಡಿದಿದೆ.

ಮನಾಲಿ ಕಡೆಯಿಂದ ಲೇಹ್‌ಗೆ ಹೋಗುವ ಸರ್ಕಾರಿ ಬಸ್ಸು ಬೆನ್ನಚೀಲದ ಹುಡುಗರಿಗೆ ಬಲು ಪ್ರೀತಿ. ಕೇಲಾಂಗಿನಲ್ಲಿ ರಾತ್ರಿ ಮಲಗಿ, ಕತ್ತಲಿರುವಾಗಲೇ ಹೊರಟರೆ ಸುಮಾರು 360 ಕಿ.ಮೀ. ದಾರಿ. ಬಾರಾಲಾಚಾ ಕಣಿವೆ, ಸರ್ಚು, ಗಾಟಾ ತಿರುವುಗಳು, ಲಾಚುಲುಂಗ್ ಲಾ, ಪಾಂಗ್, ಮೋರೆ ಬಯಲು, ತಂಗ್ಲಾಂಗ್ ಲಾ ಎಲ್ಲವನ್ನೂ ಒಂದೇ ಹಗಲಿನಲ್ಲಿ ದಾಟಿಸಿ ಸಂಜೆಯ ಹೊತ್ತಿಗೆ ಲೇಹ್‌ನಲ್ಲಿ ಇಳಿಸುತ್ತದೆ. ನಾನು ಹೋದಾಗ ಮುಂದಿನ ಎರಡು ಸೀಟಿನಲ್ಲಿ ಬೆಂಗಳೂರಿನ ಹುಡುಗರಿದ್ದರು. ಪಾಂಗ್‌ನಲ್ಲಿ ಊಟಕ್ಕೆ ನಿಲ್ಲಿಸಿದಾಗ, ಡೇರೆ ಹೋಟೆಲಿನಲ್ಲಿ ಮ್ಯಾಗಿ ಬೇಯುವಷ್ಟರಲ್ಲಿ, ಅವರಲ್ಲೊಬ್ಬ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ನನ್ನತ್ತ ತಿರುಗಿದ.

"ಅಂಕಲ್, ನೋಡಿ. 78."

ಕರವಸ್ತ್ರದ ಗಂಟನ್ನು ಮೂಗಿಗೆ ಹಿಡಿದು ನಾಲ್ಕೈದು ಸಲ ಸೊರ್ ಎಂದು ಎಳೆದ. ಅಂಕಿ ನಿಧಾನಕ್ಕೆ ಏರಿ 85ಕ್ಕೆ ಬಂತು. "ಈಗ ಏನಂತೀರ?"

"ಐದು ನಿಮಿಷ ಬಿಡು. ಇಳಿದ ಮೇಲೆ ಕರ್ಪೂರ ತೆಗೆದು ಬರೀ ಕರವಸ್ತ್ರ ಮೂಸು" ಅಂದೆ. ಹಾಗೇ ಮಾಡಿದ. 84.

"ಬಟ್ಟೆಗೆ ವಾಸನೆ ಹತ್ತಿರುತ್ತೆ ಅಂಕಲ್."

ಹಾಗಾದರೆ ಇದು ತಗೋ ಅಂತ ನನ್ನ ಕರವಸ್ತ್ರ ಕೊಟ್ಟೆ. ಮೂರು ದಿನದ ಧೂಳು, ಬೆವರು ಎರಡೂ ಕುಡಿದಿದ್ದ ವಸ್ತ್ರ. ಹುಡುಗ ಮುಖ ಕಿವುಚಿಕೊಂಡರೂ ಪ್ರಾಮಾಣಿಕ, ಅಷ್ಟೇ ಜೋರಾಗಿ ಎಳೆದ. 85!

ನನ್ನ ಕರವಸ್ತ್ರದಲ್ಲಿ ದೈವಾಂಶವೇನೂ ಇಲ್ಲ. ಏನನ್ನಾದರೂ ಮೂಸುವಾಗ ಯಾರೂ ಮೇಲುಸಿರಿನಲ್ಲಿ ಮೂಸುವುದಿಲ್ಲ, ಎದೆ ತುಂಬ ಎಳೆಯುತ್ತಾರೆ. ಎತ್ತರದಲ್ಲಿ ನಾಲ್ಕು ಸಲ ಆಳವಾಗಿ ಉಸಿರಾಡಿದರೆ ರಕ್ತದ ಆಮ್ಲಜನಕದ ಅಂಕಿ ತುಸು ಏರುತ್ತದೆ, ಬಿಟ್ಟ ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯುತ್ತದೆ. ಕೆಲಸ ಮಾಡಿದ್ದು ಪುಪ್ಪುಸ, ಹೆಸರು ಹೊತ್ತದ್ದು ಕರ್ಪೂರ. ಇನ್ನು ಬೆರಳು ತಣ್ಣಗಿದ್ದರೆ ಆ ಪುಟ್ಟ ಯಂತ್ರ ತನಗೆ ತೋಚಿದ ಅಂಕಿ ತೋರಿಸುವುದೂ ಉಂಟು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ನಮ್ಮಲ್ಲಿ ಕಾಗೆಗೇ ಸನ್ಮಾನ.

"ಆದರೆ ಮೂಗು ತೆರೆದಂಗೆ ಆಗುತ್ತಲ್ಲ?" ಎನ್ನುತ್ತಾರೆ. ಆಗುತ್ತದೆ, ಹಾಗೆ ಅನ್ನಿಸುತ್ತದೆ. ಕರ್ಪೂರ, ಪುದೀನ ಹರಳು, ನೀಲಗಿರಿ ಎಣ್ಣೆ ಇವೆಲ್ಲ ಮೂಗಿನೊಳಗೆ ತಂಪನ್ನು ಗ್ರಹಿಸುವ ನರಗಳನ್ನು ಕೆಣಕುತ್ತವೆ. ತಂಪು ತಗುಲಿದ ಕೂಡಲೇ ಮೆದುಳು ಗಾಳಿ ಚೆನ್ನಾಗಿ ಬರುತ್ತಿದೆ ಎಂದುಕೊಳ್ಳುತ್ತದೆ. 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಈ ಮೂರನ್ನೂ ಜನರಿಗೆ ಮೂಸಲು ಕೊಟ್ಟು, ಮೂಗಿನಲ್ಲಿ ಗಾಳಿ ಹಾಯಲು ಎಷ್ಟು ತಡೆಯಿದೆ ಎಂದು ಅಳೆದರು. ಮೂಸಿದವರು ಮೂಗು ಬಿಟ್ಟಿತು ಎಂದರು, ಅಳತೆಯಲ್ಲಿ ಏನೂ ಬದಲಾಗಿರಲಿಲ್ಲ.

ರಸಾಯನಶಾಸ್ತ್ರ ಇನ್ನೂ ತಮಾಷೆಯದು. ಕರ್ಪೂರದ ಒಂದು ಅಣುವಿನಲ್ಲಿ ಇಂಗಾಲದ ಪರಮಾಣು 10, ಜಲಜನಕದ್ದು 16, ಆಮ್ಲಜನಕದ್ದು ಒಂದೇ ಒಂದು. ಆ ಒಂದೂ ಇಂಗಾಲಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವಂಥದ್ದು, ನೀವು ಮೂಸಿದಿರೆಂದು ಬಿಟ್ಟು ಬರುವುದಿಲ್ಲ. ಹಾಗಂತ ಹಚ್ಚಿದಿರೋ, ಒಂದು ಗ್ರಾಂ ಕರ್ಪೂರ ಪೂರ್ತಿ ಉರಿಯಲು ಹೆಚ್ಚುಕಡಿಮೆ ಮೂರು ಗ್ರಾಂ ಆಮ್ಲಜನಕ ಬೇಕು. ನಮ್ಮ ಪ್ರಾಣವಾಯುವಿನ ಡಬ್ಬಿ ಕೊಡುವ ಗಿರಾಕಿಯಲ್ಲ, ತಿನ್ನುವ ಗಿರಾಕಿ. ಮಕ್ಕಳಿರುವವರಿಗೆ ಇನ್ನೊಂದು ಮಾತು: ಮಿಠಾಯಿ ಎಂದುಕೊಂಡು ಮಗು ಆ ಬಿಲ್ಲೆಯನ್ನು ನುಂಗಿದರೆ ಕೈಕಾಲು ಸೆಳೆದು ಫಿಟ್ಸ್ ಬರಬಹುದು.

ಅಷ್ಟಕ್ಕೂ 'ಮೇಲೆ ಆಕ್ಸಿಜನ್ ಇರಲ್ಲ' ಅನ್ನುವುದೇ ಅರ್ಧ ಸುಳ್ಳು. ತಂಗ್ಲಾಂಗ್ ಲಾದ ಗಾಳಿಯಲ್ಲೂ ಆಮ್ಲಜನಕ ಶೇಕಡಾ 21, ಮಂಗಳೂರಿನ ಕಡಲತೀರದಲ್ಲೂ 21. ಕಡಿಮೆಯಾಗುವುದು ಗಾಳಿಯ ಒತ್ತಡ. 5,300 ಮೀಟರಿಗೆ ಮಿಕ್ಕ ಆ ಕಣಿವೆಯಲ್ಲಿ ಅದು ಕಡಲಮಟ್ಟದ ಅರ್ಧಕ್ಕೆ ಹತ್ತಿರ. ಒಂದು ಉಸಿರಿಗೆ ಒಳಬರುವ ಸರಕೇ ಅರ್ಧ. ಲಡಾಖಿನಲ್ಲಿ ಮರಗಳಿಲ್ಲ, ಅದಕ್ಕೇ ಆಮ್ಲಜನಕವಿಲ್ಲ ಎನ್ನುವವರು ಒಮ್ಮೆ ಜೈಸಲ್ಮೇರ್‌ಗೆ ಹೋಗಿ ಬರಲಿ. ಅಲ್ಲಿ ಮರಳೇ ಇರುವುದು, ಯಾರೂ ಏದುಸಿರು ಬಿಡುತ್ತಿಲ್ಲ.

ಒತ್ತಡ ಇಳಿದ ಗಾಳಿಗೆ ದೇಹ ಒಗ್ಗಿಕೊಳ್ಳುವುದು ದಿನಗಳ ಲೆಕ್ಕದಲ್ಲಿ. ಮೊದಲು ಉಸಿರಾಟ ಹೆಚ್ಚುತ್ತದೆ, ಮೂತ್ರಪಿಂಡ ರಕ್ತದ ಕ್ಷಾರವನ್ನು ಹೊರಹಾಕಿ ಆ ಹೆಚ್ಚಿದ ಉಸಿರಿಗೆ ದಾರಿ ಮಾಡಿಕೊಡುತ್ತದೆ, ಕೆಂಪು ರಕ್ತಕಣಗಳು ವಾರಗಳ ಮೇಲೆ ಹೆಚ್ಚುತ್ತವೆ. ಡಯಾಮಾಕ್ಸ್ ಮಾತ್ರೆ ಎತ್ತರದ ಕಾಯಿಲೆಯನ್ನು ಮುಚ್ಚಿಡುತ್ತದೆ ಎಂಬ ಇನ್ನೊಂದು ನಂಬಿಕೆಯಿದೆ. ಮುಚ್ಚಿಡುವುದಿಲ್ಲ, ಮೂತ್ರಪಿಂಡದ ಇದೇ ಕೆಲಸವನ್ನು ಬೇಗ ಮಾಡಿಸುತ್ತದೆ. ಬೇಕೋ ಬೇಡವೋ ಎಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ.

ಬಸ್ಸಿನಲ್ಲಿ ನಿಧಾನಕ್ಕೆ ಹೋಗುತ್ತೇವೆ, ದೇಹ ದಾರಿಯಲ್ಲೇ ಒಗ್ಗಿಕೊಳ್ಳುತ್ತದೆ ಎಂಬುದೂ ಭ್ರಮೆಯೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ ಎಂಬುದು ಪರ್ವತ ವೈದ್ಯರ ಲೆಕ್ಕ. ಕೇಲಾಂಗ್ ಸುಮಾರು 3,100 ಮೀಟರ್, ಸರ್ಚು ಅದಕ್ಕಿಂತ 1,200 ಮೀಟರ್ ಮೇಲೆ. ನಕ್ಷತ್ರ ನೋಡಬೇಕೆಂದು ಮರುರಾತ್ರಿಯೇ ಸರ್ಚುವಿನ ಡೇರೆಯಲ್ಲಿ ಮಲಗುವವರು ನಕ್ಷತ್ರವನ್ನು ಹಗಲಲ್ಲೂ ನೋಡುತ್ತಾರೆ. ಬಸ್ಸಾದರೋ ಒಂದೇ ದಿನದಲ್ಲಿ ಎಲ್ಲ ಕಣಿವೆ ಹತ್ತಿಸಿ 3,500 ಮೀಟರಿನ ಲೇಹ್‌ಗೆ ಇಳಿಸುತ್ತದೆ. ತಲೆಸಿಡಿತವನ್ನು ಕಡಿಮೆ ಮಾಡುವುದು ಆ ಇಳಿತ. ಜಿಮ್ ಮಾಡಿದವರಿಗೆ ಏನೂ ಆಗುವುದಿಲ್ಲವೆಂಬ ಧೈರ್ಯವೂ ಬೇಡ. ಎತ್ತರದ ಕಾಯಿಲೆಯ ಬಗ್ಗೆ ಇಂದರ್ ಸಿಂಗ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಹೆಸರಾಂತ ವರದಿಯಲ್ಲಿದ್ದ ರೋಗಿಗಳು ಸೋಮಾರಿಗಳಲ್ಲ, ಭಾರತೀಯ ಸೇನೆಯ ಜವಾನರು.

ಲಡಾಖಿನ ಉಳಿದ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಖರ್ದುಂಗ್ ಲಾ ಜಗತ್ತಿನ ಅತಿ ಎತ್ತರದ ವಾಹನ ರಸ್ತೆಯಲ್ಲ. ಹಳೆಯ ಫಲಕದ 18,380 ಅಡಿ ಅಳತೆಗೆ ನಿಲ್ಲಲಿಲ್ಲ, ನಿಜವಾದದ್ದು 17,600 ಅಡಿಯ ಆಸುಪಾಸು, ಲಡಾಖಿನದೇ ಉಮ್ಲಿಂಗ್ ಲಾ ಅದನ್ನು ಎಂದೋ ಮೀರಿಸಿದೆ. ಲೇಹ್ ಸಮೀಪದ 'ಮ್ಯಾಗ್ನೆಟಿಕ್ ಹಿಲ್' ಕಾರನ್ನು ಎಳೆಯುವುದಿಲ್ಲ, ಸುತ್ತಲಿನ ಇಳಿಜಾರು ಕಣ್ಣಿಗೆ ಮೋಸ ಮಾಡಿ ಇಳಿಯುವ ರಸ್ತೆಯನ್ನು ಏರಿನಂತೆ ತೋರಿಸುತ್ತದೆ. ಗಾಟಾ ತಿರುವಿನಲ್ಲಿ ಬಾಯಾರಿ ಸತ್ತನೆಂಬ ಕ್ಲೀನರನ ದೆವ್ವ ನನಗೆ ಕಾಣಿಸಲಿಲ್ಲ, ಅದಕ್ಕೆಂದು ಜನ ಬಿಟ್ಟುಹೋದ ಪ್ಲಾಸ್ಟಿಕ್ ಬಾಟಲಿಗಳ ರಾಶಿ ಕಂಡಿತು.

ದೆವ್ವದ ಕತೆಗೆ ನಕ್ಕು ಬಿಡಬಹುದು. ಕರ್ಪೂರಕ್ಕೆ ನಗಲಾರೆ. 2021ರ ಏಪ್ರಿಲ್ ನೆನಪಿದೆಯಲ್ಲ? ಆಸ್ಪತ್ರೆಯ ಬಾಗಿಲಲ್ಲಿ ಜನ ಸಿಲಿಂಡರಿಗೆ ಅಂಗಲಾಚುತ್ತಿದ್ದಾಗ ಕರ್ಪೂರ, ಲವಂಗ, ಓಮದ ಗಂಟು ಮೂಸಿದರೆ ಆಕ್ಸಿಜನ್ ಏರುತ್ತದೆಂಬ ಸಂದೇಶ ಮನೆಮನೆಗೂ ಬಂತು. ಬೆಟ್ಟಕ್ಕೂ ಅದೇ ಮದ್ದು, ಕೋವಿಡ್ಡಿಗೂ ಅದೇ ಮದ್ದು! ಹತ್ತು ರೂಪಾಯಿ ವಸ್ತುವಿನಿಂದ ಆಗುವ ನಷ್ಟವೇನು ಎಂದು ಕೇಳುತ್ತಾರೆ. ನಷ್ಟವಾಗುವುದು ಹೊತ್ತು. ತಲೆ ಸಿಡಿದು, ಓಕರಿಕೆ ಬಂದು, ಕೂತಲ್ಲೇ ಉಸಿರು ಸಿಕ್ಕುವಾಗ ಮಾಡಬೇಕಾದದ್ದು ಕೆಳಗಿಳಿಯುವುದು. ಆಗ ಗಂಟು ಬಿಚ್ಚಿ ಮೂಸುತ್ತ ಕೂತವನು, ಶ್ವಾಸಕೋಶಕ್ಕೆ ನೀರು ತುಂಬುತ್ತಿದ್ದರೂ ಮೂಗು ತಂಪಾಯಿತೆಂದು ಸುಮ್ಮನಿರುತ್ತಾನೆ.

ಈ ದಾರಿಗೆ ಬೇಕಾದ ಸಾಮಾನು ಅಂಗಡಿಯಲ್ಲಿ ಸಿಗುವುದಿಲ್ಲ. ಮನಾಲಿಯಲ್ಲಿ ಎರಡು ರಾತ್ರಿ, ಕೇಲಾಂಗಿನಲ್ಲಿ ಎರಡು ರಾತ್ರಿ, ಲೇಹ್‌ನಲ್ಲಿ ಮೊದಲೆರಡು ದಿನ ಎಲ್ಲೂ ಓಡಾಡದೆ ಚಹಾ ಕುಡಿಯುತ್ತ ಬಿದ್ದುಕೊಳ್ಳುವ ಸೋಮಾರಿತನ, ಇಷ್ಟೇ. ರಜೆ ಇಲ್ಲದವರಿಗೆ ಇದು ಕಹಿ ಸುದ್ದಿ, ಗೊತ್ತು.

ಪಾಂಗ್‌ನ ಆ ಹುಡುಗ ಲೇಹ್‌ನಲ್ಲಿ ಇಳಿಯುವಾಗ ನನ್ನ ನಂಬರ್ ತೆಗೆದುಕೊಂಡ. ಮುಂದಿನ ವರ್ಷ ಹೊರಡುವ ಅವನ ಗೆಳೆಯರಿಗೆ ನಾನು ತಿಳಿಹೇಳಬೇಕಂತೆ. ಮೊನ್ನೆ ಅವರ ಗುಂಪಿಗೆ ನನ್ನನ್ನೂ ಸೇರಿಸಿದ್ದಾನೆ. ಒಯ್ಯಬೇಕಾದ ಸಾಮಾನಿನ ಪಟ್ಟಿ ಆಗಲೇ ಬಂದಿದೆ. ಏಳನೆಯದು: ಕರ್ಪೂರ, ಎರಡು ಡಬ್ಬಿ. ಅದರ ಮುಂದೆ ಆವರಣದಲ್ಲಿ ಅವನೇ ಬರೆದಿದ್ದಾನೆ: 'ಅಂಕಲ್ ಬೇಡ ಅಂತಾರೆ, ಆದ್ರೂ ಇರ್ಲಿ'.