ಸರೋವರದ ತಳದಲ್ಲಿರುವ ಹಡಗುಗಳು: ಒಂದು ತಟ್ಟೆ ಎತ್ತಿಕೊಂಡರೆ ಏನು ನಷ್ಟ?

ಅಮೆರಿಕ ಮತ್ತು ಕೆನಡಾದ ಗಡಿ ಭಾಗದಲ್ಲಿ ಐದು ದೊಡ್ಡ ಸರೋವರಗಳಿವೆ. ಸುಪೀರಿಯರ್, ಮಿಷಿಗನ್, ಹ್ಯೂರಾನ್, ಈರಿ ಮತ್ತು ಒಂಟಾರಿಯೊ. ಹೆಸರಿಗೆ ಸರೋವರ, ನೋಡಿದರೆ ಸಮುದ್ರವೇ. ಈಚೆ ದಡದಲ್ಲಿ ನಿಂತರೆ ಆಚೆ ದಡ ಕಾಣುವುದಿಲ್ಲ. ಬಿರುಗಾಳಿ ಎದ್ದರೆ ದೊಡ್ಡ ಹಡಗುಗಳೂ ಮುಳುಗುತ್ತವೆ. ಹೀಗೆ ಮುಳುಗಿದ ಸಾವಿರಾರು ಹಡಗುಗಳು ಇಂದಿಗೂ ಆ ತಣ್ಣನೆಯ ಸಿಹಿನೀರಿನ ತಳದಲ್ಲಿವೆ.

ಅಚ್ಚರಿ ಏನೆಂದರೆ, ಅವುಗಳಲ್ಲಿ ಎಷ್ಟೋ ಹಡಗುಗಳು ಮುಳುಗಿದ ದಿನ ಹೇಗಿದ್ದವೋ ಬಹುತೇಕ ಹಾಗೆಯೇ ಇವೆ. 1813ರ ಆಗಸ್ಟ್‌ನಲ್ಲಿ ಬಿರುಗಾಳಿಗೆ ಸಿಕ್ಕಿ ಒಂಟಾರಿಯೊ ಸರೋವರದಲ್ಲಿ ಮುಳುಗಿದ ಹ್ಯಾಮಿಲ್ಟನ್ ಮತ್ತು ಸ್ಕರ್ಜ್ ಎಂಬ ಎರಡು ಯುದ್ಧ ಹಡಗುಗಳು ಪತ್ತೆಯಾದದ್ದು 1973ರಲ್ಲಿ. ಸುಮಾರು 90 ಮೀಟರ್ ಆಳದಲ್ಲಿ ಅವು ನೇರವಾಗಿ ಕುಳಿತಿದ್ದವು. ಕಂಬಗಳು ನಿಂತಿದ್ದವು, ಫಿರಂಗಿಗಳು ಇದ್ದಲ್ಲೇ ಇದ್ದವು, ಮೂತಿಯ ಮೇಲೆ ಕೆತ್ತಿದ ಮರದ ಬೊಂಬೆಯೂ ಹಾಳಾಗಿರಲಿಲ್ಲ. 160 ವರ್ಷ ನೀರು ಕಾಪಾಡಿದ್ದನ್ನು ಮನುಷ್ಯ ಕಾಪಾಡುತ್ತಾನಾ ಎಂಬುದೇ ಈಗಿರುವ ಪ್ರಶ್ನೆ.

ಸಿಹಿನೀರಿನಲ್ಲಿ ಮರ ಯಾಕೆ ಉಳಿಯುತ್ತದೆ?

ಕರಾವಳಿಯ ಜನರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಉಪ್ಪುನೀರಿನಲ್ಲಿ ಬಿಟ್ಟ ಮರದ ದೋಣಿಯನ್ನು ಹುಳು ಕೊರೆಯುತ್ತದೆ ಅಂತ ಮೀನುಗಾರರಿಗೂ ದೋಣಿ ಕಟ್ಟುವವರಿಗೂ ಗೊತ್ತು. ನಿಜಕ್ಕೂ ಅದು ಹುಳುವಲ್ಲ, ಮರ್ವಾಯಿಯ ಕುಲಕ್ಕೆ ಸೇರಿದ ಒಂದು ಚಿಪ್ಪುಜೀವಿ. ಮರವನ್ನು ಒಳಗಿನಿಂದ ಜಾಲರಿಯಂತೆ ಕೊರೆದು ಹಾಕುವ ಈ ಜೀವಿ ಆ ಸರೋವರಗಳ ಸಿಹಿನೀರಿನಲ್ಲಿ ಇಲ್ಲ. ಜೊತೆಗೆ ಆಳದಲ್ಲಿ ಕತ್ತಲು, ವರ್ಷವಿಡೀ ಕೊರೆಯುವ ಚಳಿ. ಹಾಗಾಗಿ ಕೊಳೆಯುವ ಕ್ರಿಯೆ ಬಹಳ ನಿಧಾನ. ಕಬ್ಬಿಣವೂ ಉಪ್ಪುನೀರಿಗೆ ಹೋಲಿಸಿದರೆ ತಡವಾಗಿ ತುಕ್ಕು ಹಿಡಿಯುತ್ತದೆ. ಹಿಂದೂ ಮಹಾಸಾಗರದಲ್ಲಾಗಿದ್ದರೆ ಕೆಲವೇ ದಶಕಗಳಲ್ಲಿ ಇಲ್ಲವಾಗುತ್ತಿದ್ದ ಮರದ ಹಡಗು ಅಲ್ಲಿ ಶತಮಾನ ದಾಟಿ ನಿಂತಿರುತ್ತದೆ.

ಲೂಟಿ ಶುರುವಾದದ್ದು ಹೇಗೆ?

ಎರಡನೇ ಮಹಾಯುದ್ಧದ ನಂತರ, ಬೆನ್ನಿಗೆ ಕಟ್ಟಿಕೊಂಡ ಸಿಲಿಂಡರ್‌ನಿಂದ ಉಸಿರಾಡುತ್ತಾ ಈಜುವ ಸ್ಕೂಬಾ ಉಪಕರಣ ಸಾಮಾನ್ಯರ ಕೈಗೂ ಸಿಕ್ಕಿತು. 1950 ಮತ್ತು 60ರ ದಶಕಗಳಲ್ಲಿ ಡೈವಿಂಗ್ ಹವ್ಯಾಸವಾಗಿ ಹರಡಿತು. ಅದರ ಜೊತೆಗೇ ಹಡಗುಗಳಿಂದ ಗಂಟೆ, ಚುಕ್ಕಾಣಿಯ ಚಕ್ರ, ಲಂಗರು, ದೀಪ, ತಟ್ಟೆ, ಬಾಟಲಿಗಳು ಮೇಲೆ ಬರತೊಡಗಿದವು. ಯಾರೂ ತಮ್ಮನ್ನು ಕಳ್ಳರು ಅಂದುಕೊಂಡಿರಲಿಲ್ಲ. "ಯಾರದ್ದೂ ಅಲ್ಲದ ಮಾಲು, ಸುಮ್ಮನೆ ಬಿದ್ದಿದೆ, ಒಂದು ನೆನಪಿಗೆ ಇರಲಿ" ಎಂಬುದೇ ಅಂದಿನ ಮಾತು. ಆದರೆ ನೂರು ಜನ ಒಂದೊಂದು ನೆನಪು ಒಯ್ದರೆ ಹಡಗಿನಲ್ಲಿ ಉಳಿಯುವುದು ಬರೀ ಹಲಗೆ.

ಕೆಲವರು ತರ್ಕ ಮಾಡುತ್ತಾರೆ: ಕೆಳಗೆ ಕತ್ತಲಲ್ಲಿ ಬಿದ್ದಿರುವುದಕ್ಕಿಂತ ಮೇಲೆ ನಾಲ್ಕು ಜನ ನೋಡುವುದು ಒಳ್ಳೆಯದಲ್ವಾ? ಈ ತರ್ಕಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದು, ವಸ್ತುವಿನ ಬೆಲೆ ಇರುವುದು ಅದು ಬಿದ್ದಿರುವ ಜಾಗದಲ್ಲಿ. ಅಡುಗೆ ಕೋಣೆಯಲ್ಲಿ ತಟ್ಟೆಗಳು ಜೋಡಿಸಿದಂತೇ ಇದ್ದರೆ ಹಡಗು ಹೇಗೆ ಇಳಿಯಿತು ಎಂದು ಊಹಿಸಬಹುದು. ಸರಕು ಒಂದೇ ಬದಿಗೆ ಜಾರಿದ್ದರೆ ಅದೇ ಮುಳುಗಡೆಗೆ ಕಾರಣವಾಗಿರಬಹುದು. ನಾವಿಕನ ಪೆಟ್ಟಿಗೆಯಲ್ಲಿ ಏನಿತ್ತು ಎಂಬುದರಿಂದ ಆ ಬಡ ಕೆಲಸಗಾರನ ಬದುಕು ತಿಳಿಯುತ್ತದೆ. ಪೊಲೀಸರು ಬರುವ ಮೊದಲು ಘಟನಾ ಸ್ಥಳದ ಸಾಮಾನು ಎತ್ತಿಟ್ಟರೆ ತನಿಖೆ ಹೇಗೆ ಹಾಳಾಗುತ್ತದೋ ಇಲ್ಲಿಯೂ ಹಾಗೆಯೇ. ಶೋಕೇಸಿನಲ್ಲಿಟ್ಟ ತಟ್ಟೆ ಬರೀ ತಟ್ಟೆ. ಅದರ ಕಥೆ ನೀರಿನಲ್ಲೇ ಹೋಯಿತು.

ಎರಡನೆಯದು, ಮೇಲೆ ತಂದದ್ದು ಉಳಿಯುವುದಿಲ್ಲ.

ಆಲ್ವಿನ್ ಕ್ಲಾರ್ಕ್ ಕಲಿಸಿದ ಪಾಠ

1864ರಲ್ಲಿ ಮಿಷಿಗನ್ ಸರೋವರದ ಗ್ರೀನ್ ಬೇಯಲ್ಲಿ ಆಲ್ವಿನ್ ಕ್ಲಾರ್ಕ್ ಎಂಬ ಹಾಯಿಹಡಗು ಮುಳುಗಿತ್ತು. 1967ರಲ್ಲಿ, ಮೀನುಗಾರರ ಬಲೆ ಏನಕ್ಕೋ ಸಿಕ್ಕಿಕೊಂಡಿದೆ ಎಂದು ಬಿಡಿಸಲು ಇಳಿದ ಡೈವರ್‌ಗೆ ಅದು ಕಣ್ಣಿಗೆ ಬಿತ್ತು. ಎರಡು ವರ್ಷ ದುಡಿದು 1969ರಲ್ಲಿ ಹಡಗನ್ನು ಇಡಿಯಾಗಿ ಮೇಲೆತ್ತಿದರು. ನೀರು ಖಾಲಿ ಮಾಡಿದಾಗ ಅದು ತಾನಾಗಿಯೇ ತೇಲಿತು! ಒಂದು ಶತಮಾನ ನೀರಿನಡಿ ಇದ್ದ ಹಡಗು ತೇಲಿದ್ದು ಕಂಡು ಜನ ಮುಗಿಬಿದ್ದರು.

ಆಮೇಲೆ ಆದದ್ದು ದುಃಖದ ಕಥೆ. ನೀರು ಕುಡಿದ ಹಳೆಯ ಮರ ಗಾಳಿಗೆ ಒಣಗತೊಡಗಿದರೆ ಕುಗ್ಗುತ್ತದೆ, ಸೀಳುತ್ತದೆ, ಪುಡಿಯಾಗುತ್ತದೆ. ಅದನ್ನು ತಡೆಯಲು ವರ್ಷಗಟ್ಟಲೆ ರಾಸಾಯನಿಕ ಉಪಚಾರ ಬೇಕು. ಸ್ವೀಡನ್‌ನಲ್ಲಿ 1961ರಲ್ಲಿ ಮೇಲೆತ್ತಿದ ವಾಸಾ ಹಡಗಿಗೆ 17 ವರ್ಷ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ದ್ರಾವಣ ಸಿಂಪಡಿಸಿದ್ದರು. ಅದರ ಹಿಂದೆ ಒಂದು ದೇಶವೇ ನಿಂತಿತ್ತು. ಆಲ್ವಿನ್ ಕ್ಲಾರ್ಕ್ ಹಿಂದೆ ಅಂಥ ಹಣ ಇರಲಿಲ್ಲ. ಮಿಷಿಗನ್ ರಾಜ್ಯದ ಮೆನೊಮಿನಿಯಲ್ಲಿ ಪ್ರದರ್ಶನಕ್ಕಿಟ್ಟ ಹಡಗು ಕಣ್ಣೆದುರೇ ಕೊಳೆಯಿತು. 1994ರಲ್ಲಿ ಅದರ ಅವಶೇಷವನ್ನು ಯಂತ್ರ ಹಚ್ಚಿ ಕೆಡವಿದರು. ನೀರಿನಲ್ಲಿ 105 ವರ್ಷ ಉಳಿದದ್ದು ನೆಲದ ಮೇಲೆ 25 ವರ್ಷ ಮಾತ್ರ ಬಾಳಿತು. ಕೆಟ್ಟ ಉದ್ದೇಶ ಯಾರದ್ದೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಇಡೀ ಹಡಗಿಗೇ ಈ ಗತಿ ಎಂದಾದರೆ, ಯಾರದೋ ಗ್ಯಾರೇಜಿನ ಮೂಲೆಯಲ್ಲಿಟ್ಟ ಚಕ್ರದ ಗತಿ ಏನು?

ಕಾನೂನು ಏನು ಹೇಳುತ್ತದೆ?

ಮಿಷಿಗನ್ ರಾಜ್ಯ 1980ರಲ್ಲೇ ಕಾನೂನು ಮಾಡಿ ನೀರಿನಡಿಯ ರಕ್ಷಿತ ಪ್ರದೇಶಗಳನ್ನು ಗುರುತಿಸಲು ದಾರಿ ಮಾಡಿತು. 1988ರಲ್ಲಿ ಜಾರಿಗೆ ಬಂದ ಅಮೆರಿಕದ ಪರಿತ್ಯಕ್ತ ಹಡಗುಗಳ ಕಾಯ್ದೆ ಇನ್ನೂ ದೊಡ್ಡ ಹೆಜ್ಜೆ. ಅಲ್ಲಿಯವರೆಗೆ "ಮೇಲೆತ್ತಿದವನಿಗೆ ಹಕ್ಕು" ಎಂಬ ಹಳೆಯ ಸಮುದ್ರ ನಿಯಮ ಹಿಡಿದು ಕೋರ್ಟಿಗೆ ಹೋಗುವವರಿದ್ದರು. ರಾಜ್ಯಗಳ ನೀರಿನ ತಳದಲ್ಲಿ ಹೂತಿರುವ ಇಂಥ ಹಡಗುಗಳ ಒಡೆತನವನ್ನು ಈ ಕಾಯ್ದೆ ಆಯಾ ರಾಜ್ಯಕ್ಕೇ ಕೊಟ್ಟಿತು. ಅಂದರೆ ಅದು "ಯಾರದ್ದೂ ಅಲ್ಲದ" ಮಾಲಲ್ಲ, ಎಲ್ಲರ ಮಾಲು.

2000ದಲ್ಲಿ ಹ್ಯೂರಾನ್ ಸರೋವರದ ಥಂಡರ್ ಬೇ ರಾಷ್ಟ್ರೀಯ ಅಭಯಧಾಮವಾಯಿತು. 2014ರಲ್ಲಿ ಅದನ್ನು 4,300 ಚದರ ಮೈಲಿಗೆ ವಿಸ್ತರಿಸಿದರು. ಕೆನಡಾದ ಟೋಬರ್ಮೊರಿಯಲ್ಲಿರುವ ಫ್ಯಾದಮ್ ಫೈವ್ ಉದ್ಯಾನದಲ್ಲಿ ಡೈವರ್‌ಗಳು ಮೊದಲು ಹೆಸರು ನೋಂದಾಯಿಸಬೇಕು. 2001ರ ಯುನೆಸ್ಕೊ ಒಪ್ಪಂದವೂ ಇದ್ದಲ್ಲೇ ಉಳಿಸುವುದು ಮೊದಲ ಆಯ್ಕೆ ಎನ್ನುತ್ತದೆ.

ಕಾವಲುಗಾರ ಯಾರು?

ಸರೋವರದ ತಳದಲ್ಲಿ ಪೊಲೀಸ್ ಚೌಕಿ ಇಡಲಾಗದು. ಹಾಗಾಗಿ ಕೊನೆಗೆ ಕಾಯಬೇಕಾದವರು ಡೈವರ್‌ಗಳೇ. 1981ರಲ್ಲಿ ಶುರುವಾದ ಸೇವ್ ಒಂಟಾರಿಯೊ ಶಿಪ್‌ರೆಕ್ಸ್ ಸಂಘಟನೆ ಡೈವರ್‌ಗಳನ್ನೇ ಕಟ್ಟಿಕೊಂಡು ಕೆಲಸ ಮಾಡುತ್ತಿದೆ. ಹಡಗಿನ ಹತ್ತಿರ ದೋಣಿ ಕಟ್ಟಲು ತೇಲುಬುರುಡೆ ಹಾಕುವುದು ಒಂದು ಸರಳ ಉಪಾಯ. ಅದು ಇಲ್ಲದಿದ್ದರೆ ಪ್ರವಾಸಿ ದೋಣಿ ಎಸೆದ ಲಂಗರೇ ಹಡಗಿನ ಹಲಗೆ ಕಿತ್ತುಹಾಕುತ್ತದೆ. ಹೊಸದಾಗಿ ಸಿಕ್ಕ ಹಡಗಿನ ಜಾಗವನ್ನು ದಾಖಲೀಕರಣ ಮುಗಿಯುವ ತನಕ ಗುಟ್ಟಾಗಿಡುವುದು ಇನ್ನೊಂದು ಕ್ರಮ. ಈಗ ನೂರಾರು ಫೋಟೊ ಜೋಡಿಸಿ ಹಡಗಿನ ಮೂರು ಆಯಾಮದ ಮಾದರಿಯನ್ನೇ ಕಂಪ್ಯೂಟರಿನಲ್ಲಿ ಕಟ್ಟಬಹುದು. ನೀರಿಗಿಳಿಯದವರೂ ಅದನ್ನು ನೋಡಬಹುದು.

ಅವಸರಕ್ಕೆ ಇನ್ನೊಂದು ಕಾರಣವೂ ಇದೆ. ಹೊರಗಿನಿಂದ ಬಂದ ಕ್ವಾಗಾ ಎಂಬ, ನಮ್ಮ ಕಲ್ಲುಮ್ಮಕ್ಕಾಯಿಯನ್ನು ಹೋಲುವ ಸಣ್ಣ ಚಿಪ್ಪುಜೀವಿ ಸರೋವರಗಳಲ್ಲಿ ಹಡಗುಗಳ ಮೈಯೆಲ್ಲಾ ಮುತ್ತಿಕೊಳ್ಳುತ್ತಿದೆ. "ಹೇಗೂ ಹಾಳಾಗುತ್ತೆ, ನಾವೇ ತೆಗೆದುಕೊಳ್ಳೋಣ" ಎನ್ನುವವರಿಗೆ ಇದು ನೆಪವಾಗಬಾರದು. ನಿಜವಾಗಿ ತೆಗೆಯಲೇಬೇಕಿದ್ದರೆ ಅದಕ್ಕೊಂದು ಕ್ರಮವಿದೆ. 1975ರ ನವೆಂಬರ್ 10ರಂದು ಸುಪೀರಿಯರ್ ಸರೋವರದಲ್ಲಿ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಹಡಗು ಮುಳುಗಿ 29 ಮಂದಿ ತೀರಿಕೊಂಡರು. ಒಬ್ಬರ ಶವವೂ ಸಿಗಲಿಲ್ಲ. ಕುಟುಂಬಗಳ ಬೇಡಿಕೆಯಂತೆ 1995ರಲ್ಲಿ ಅದರ ಗಂಟೆಯನ್ನು ಅನುಮತಿ ಪಡೆದು ಮೇಲೆ ತಂದರು. ಅದರ ಜಾಗದಲ್ಲಿ 29 ಹೆಸರುಗಳನ್ನು ಕೆತ್ತಿದ ಬೇರೊಂದು ಗಂಟೆ ಇಟ್ಟರು. ಹಳೆಯದು ಈಗ ವೈಟ್‌ಫಿಶ್ ಪಾಯಿಂಟ್‌ನ ಮ್ಯೂಸಿಯಂನಲ್ಲಿದೆ. ಆ ಕುಟುಂಬಗಳಿಗೆ ಆ ಹಡಗು ಸಮಾಧಿ.

ನಮ್ಮ ಯುವಕರಿಗೆ ಇದರಲ್ಲಿ ಏನಿದೆ?

ಈಗ ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಲ್ಲೂ ಗಲ್ಫಿನ ಊರುಗಳಲ್ಲೂ ಸ್ಕೂಬಾ ಕಲಿಯುವವರು ಇದ್ದಾರೆ. ಭಾರತದಲ್ಲಿ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ, ನೂರು ವರ್ಷ ಮೀರಿದ ಇಂಥ ವಸ್ತುಗಳನ್ನು ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ನದಿಯಲ್ಲೋ ಕಡಲಲ್ಲೋ ಹಳೆಯದೇನಾದರೂ ಕಂಡರೆ ಮಾಡಬೇಕಾದದ್ದು ಇಷ್ಟೇ: ಮುಟ್ಟಬೇಡಿ, ಫೋಟೊ ತೆಗೆಯಿರಿ, ಜಾಗ ಗುರುತಿಟ್ಟುಕೊಳ್ಳಿ, ಪುರಾತತ್ತ್ವ ಇಲಾಖೆಗೋ ಜಿಲ್ಲಾಡಳಿತಕ್ಕೋ ತಿಳಿಸಿ, ಅಲ್ಲಿಯವರೆಗೆ ಫೇಸ್‌ಬುಕ್‌ನಲ್ಲಿ ಹಾಕಬೇಡಿ.

ಇದ್ದಲ್ಲೇ ಬಿಟ್ಟು ಬಂದ ತಟ್ಟೆಯನ್ನು ನಾಳೆ ಇಳಿಯುವ ಇನ್ನೊಬ್ಬರೂ ನೋಡಬಹುದು. ಎತ್ತಿಕೊಂಡು ಬಂದರೆ ನೋಡಿದವರಲ್ಲಿ ನೀವೇ ಕೊನೆಯವರು.